ಒಬ್ಬರು ಕಡಿಮೆ

ಮೊದಲು ಕಂಡದ್ದು ಬೆರಳುಗಳು.

ಶಾಲೆಯ ಹಿಂಬಾಗಿಲನ್ನು ಹೊರಕ್ಕೆ ತಳ್ಳಿದೆ. ಸ್ವಲ್ಪ ತೆರೆದು ನಿಂತಿತು. ಹಿಮ ಅಡ್ಡಗಟ್ಟಿದೆ ಅಂದುಕೊಂಡು ಭುಜ ಕೊಟ್ಟು ತಳ್ಳಿದೆ. ಹಿಮವಲ್ಲ. ಮೆತ್ತಗಿನದೇನೋ ತಡೆಯುತ್ತಿತ್ತು. ಕೆಳಗೆ ನೋಡಿದೆ. ಸಂದಿಯಲ್ಲಿ ನಾಲ್ಕು ಬಿಳಿ ಬೆರಳುಗಳಿದ್ದವು. ಗೆಣ್ಣುಗಳ ಮೇಲೆ ರಕ್ತ ಹೆಪ್ಪುಗಟ್ಟಿತ್ತು.

ಉಂಗುರದ ಗುರುತು ಸಿಕ್ಕಿತು. ನನ್ನ ಅತ್ತೆ ಆರ್ಡಿತ್‌ರದು.

ಕೂಗಿದೆ ಅನಿಸುತ್ತದೆ. ಹೊರಗೆ ಗಾಳಿ ಬೊಬ್ಬಿಡುತ್ತಿತ್ತು. ನನ್ನ ಬೆನ್ನ ಹಿಂದೆ, ಕಾರಿಡಾರಿನ ಆ ತುದಿಯಲ್ಲಿ, ಜಿಮ್ ಅನ್ನುವ ಆಟದ ಹಾಲಿನಲ್ಲಿ ಸೇರಿದ್ದ ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ದನಿ ನನಗೇ ಕೇಳಲಿಲ್ಲ. ಆದರೂ ಯಾರಿಗೋ ಕೇಳಿರಬೇಕು. ಡೇಲ್ ರೋಜೆಬೂಮ್ ಓಡಿ ಬಂದರು. ಅವರ ಹಿಂದೆ ಮರಿಸೋಲ್ ಬಂದಳು. ಅವಳು ವೃದ್ಧಾಶ್ರಮದಲ್ಲಿ ನರ್ಸು.

ಮೂವರೂ ಸೇರಿ ಅತ್ತೆಯನ್ನು ಒಳಗೆ ಎಳೆದುಕೊಂಡೆವು. ಮೈಮೇಲೆ ಕೋಟಿರಲಿಲ್ಲ. ನೀಲಿ ಸ್ವೆಟರ್ ಮಾತ್ರ. ಕೂದಲು ಕಟ್ಟಿಗೆಯ ಹಾಗೆ ಸೆಟೆದಿತ್ತು.

"ಸತ್ತೋದ್ಲಾ?" ಡೇಲ್ ಕೇಳಿದರು.

ಮರಿಸೋಲ್ ಕತ್ತಿನ ಮೇಲೆ ಎರಡು ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಇಲ್ಲ. ನಾಡಿ ಇದೆ. ಉಜ್ಜಬೇಡಿ! ಕೈಕಾಲು ಯಾರೂ ಉಜ್ಜಬೇಡಿ. ಕೋಟು ತನ್ನಿ, ಎಷ್ಟು ಸಿಗುತ್ತೋ ಅಷ್ಟು."

*

ನಮ್ಮ ಊರು ಎಲ್ಕ್ ಹಾಲೋದಲ್ಲಿ ಅಂಥ ಚಳಿ ಹೊಸದಲ್ಲ. ದೇಶದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದಿಂದ ಯಾರನ್ನು ನಿಲ್ಲಿಸಬೇಕು ಅನ್ನುವುದನ್ನು ಅಮೆರಿಕದ ಅಯೋವಾ ರಾಜ್ಯದ ನಾವು ಚಳಿಗಾಲದ ನಡುವೆಯೇ ಆರಿಸುತ್ತೇವೆ. ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಈ ಆಯ್ಕೆಯ ಸಭೆಗೆ ಕಾಕಸ್ ಅನ್ನುತ್ತೇವೆ. ಕಾಕಸ್ ಅಂದರೆ ನಿಲ್ಲುವುದು. ಶಾಲೆಯ ಜಿಮ್‌ನಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ನೀನು ಯಾರ ಕಡೆ ಅನ್ನುವುದನ್ನು ನಿನಗೆ ಕೆಲಸ ಕೊಟ್ಟ ಯಜಮಾನ ನೋಡುತ್ತಾನೆ, ನೆರೆಯವಳು ನೋಡುತ್ತಾಳೆ, ಮಾತು ಬಿಟ್ಟ ತಮ್ಮನೂ ನೋಡುತ್ತಾನೆ.

ನಮ್ಮ ವಾರ್ಡಿನ ಕಾಕಸ್ ನಡೆಸುವವರು ಅತ್ತೆ. ಬರೆದುಕೊಳ್ಳುವವಳು ನಾನು. ಬರುವಾಗ ಕಾರಿನಲ್ಲಿ ಅತ್ತೆ ಹೇಳಿದ್ದರು:

"ಬ್ರಿಟಾ, ಕೊನೇವರೆಗೂ ಇರು. ಲೆಕ್ಕ ಮುಗಿದ ತಕ್ಷಣ ಎಲ್ರೂ ಎದ್ದು ಹೋಗ್ತಾರೆ. ನೀನು ಹೋಗ್ಬೇಡ. ನಾನೊಂದು ಗೊತ್ತುವಳಿ ಮಂಡಿಸ್ತೀನಿ."

"ಏನು ಗೊತ್ತುವಳಿ?"

"ಮೊದ್ಲು ಒಬ್ರಿಗೆ ಹೇಳ್ಬೇಕು. ಬೆನ್ನ ಹಿಂದೆ ಮಾತಾಡೋದು ನನಗೆ ಸರಿ ಬರಲ್ಲ. ಮುಖ ನೋಡಿ ಹೇಳ್ತೀನಿ. ಆಮೇಲೆ ಎಲ್ಲರ ಮುಂದೆ."

ಯಾರಿಗೆ ಎಂದು ನಾನು ಕೇಳಲಿಲ್ಲ. ನೀಲ್ಸ್ ಹೋದ ಮೇಲೆ ನಾನು ಏನನ್ನೂ ಎರಡನೇ ಸಲ ಕೇಳುತ್ತಿರಲಿಲ್ಲ. ನೀಲ್ಸ್ ನನ್ನ ಗಂಡ, ಅತ್ತೆಗೆ ಒಬ್ಬನೇ ಮಗ. ಕೆಲಸಕ್ಕಿದ್ದ ಹಂದಿ ಶೆಡ್ಡಿನ ಗೊಬ್ಬರದ ಗುಂಡಿಗೆ ಇಳಿದವನು ವಿಷಗಾಳಿಗೆ ಸತ್ತ. ಇದು ಎರಡನೇ ಚಳಿಗಾಲ. ನಾನು ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಅತ್ತೆ ಅಡುಗೆ ಮಾಡುತ್ತಿದ್ದರು, ನಾನು ಉಣ್ಣುತ್ತಿದ್ದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಷ್ಟೇ.

ಸಂಜೆ ಎಂದಿನಂತೆ ಶುರುವಾಯಿತು. ನೂರಕ್ಕೆ ಹದಿನೈದು ಜನ ಇಲ್ಲದ ಮೂಲೆ ಮುರಿಯಬೇಕು, ಅಲ್ಲಿದ್ದವರು ಬೇರೆ ಮೂಲೆಗೆ ಹೋಗಬೇಕು. ಅದು ನಿಯಮ. ಸೆನೆಟರ್ ಮೆರಿಕ್ ಅವರ ಮೂಲೆ ತುಂಬಿ ತುಳುಕುತ್ತಿತ್ತು. ಗವರ್ನರ್ ಸ್ಟ್ರಾಂಡ್ ಅವರದು ಆ ಹದಿನೈದರ ಅಂಚಿನಲ್ಲಿತ್ತು. ಕಾಲ್ಬಿ ಎಂಬ ವಯಸ್ಸಾದ ಅಭ್ಯರ್ಥಿಯ ಮೂಲೆಯಲ್ಲಿ ಬೆರಳೆಣಿಕೆಯ ಜನ. ಅವರ ಮುಖಂಡರು ವೆಂಡೆಲ್ ಹಾಫ್. ಕಾಲ್ಬಿ ಅವರ ಕಾಲೇಜು ದಿನಗಳ ಗೆಳೆಯ. ನೀಲ್ಸ್ ಕೆಲಸ ಮಾಡುತ್ತಿದ್ದುದು ವೆಂಡೆಲ್ ಅವರ ಬಳಿಯೇ. ಸಮಾಧಿಯ ಹತ್ತಿರ ಅವರು ನನ್ನ ಕೈ ಹಿಡಿದುಕೊಂಡು ಗಳಗಳ ಅತ್ತಿದ್ದರು. ನಾನು ಅವರ ಬೆನ್ನು ತಟ್ಟಿದ್ದೆ.

ಮೊದಲ ಎಣಿಕೆ ಆಯಿತು. ಕಾಲ್ಬಿ ಮೂಲೆ ಮುರಿಯಿತು. ಅತ್ತೆ ಸೀಟಿ ಊದಿದರು.

"ಅರ್ಧ ಗಂಟೆ! ಯಾರು ಯಾರನ್ನ ಒಲಿಸ್ಕೋಬೇಕೋ ಒಲಿಸ್ಕೊಳ್ಳಿ!"

ಆಮೇಲೆ ಸಂತೆ. ಎಲ್ಲರೂ ಎಲ್ಲರ ತೋಳು ಹಿಡಿದು ಎಳೆಯುವುದೇ. ಒಬ್ಬರು ಲೆಮನ್ ಬಾರ್ ಸಿಹಿಯ ತಟ್ಟೆ ಹಿಡಿದು ಕರೆಯುತ್ತಾರೆ, ಇನ್ನೊಬ್ಬರು ಹಳೆಯ ಉಪಕಾರ ನೆನಪಿಸುತ್ತಾರೆ. ಆ ಅರ್ಧ ಗಂಟೆ ಯಾರು ಎಲ್ಲಿದ್ದರು ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಹೊತ್ತು ಮುಗಿಯಿತು. ಅತ್ತೆ ಕಾಣಲಿಲ್ಲ.

"ಅಡುಗೆಮನೇಲಿ ಪಾತ್ರೆ ತೊಳೀತಿರ್ತಾಳೆ ಕಣಮ್ಮ," ಡೇಲ್ ಅಂದರು. ಸ್ಟ್ರಾಂಡ್ ಮೂಲೆಯ ಮುಖಂಡರು ಅವರು. ಮೊದಲ ಎಣಿಕೆಯ ವಿಷಯಕ್ಕೆ ಅತ್ತೆಯ ಜೊತೆ ದೊಡ್ಡ ದನಿಯಲ್ಲಿ ಜಗಳ ಆಡಿದ್ದರು. "ನಿಮ್ಮತ್ತೆಗೆ ಕೊಳೆ ತಟ್ಟೆ ಕಂಡ್ರೆ ಕೈ ಸುಮ್ನಿರಲ್ಲ. ನೀನೇ ಎಣಿಸು. ಹಿಮ ಜಾಸ್ತಿ ಆಗ್ತಿದೆ."

ಎಣಿಸಿದೆ. ಸ್ಟ್ರಾಂಡ್ ಮೂಲೆಗೆ ಒಬ್ಬರು ಕಡಿಮೆ.

"ಒಬ್ರು ಕಡಿಮೆ!" ಡೇಲ್ ಸೂರು ಹಾರುವ ಹಾಗೆ ಕೂಗಿದರು. "ಯಾರಾದ್ರೂ ಬನ್ರಪ್ಪಾ! ಒಬ್ರೇ ಒಬ್ರು!"

ಬಾಗಿಲ ಕಡೆಯಿಂದ ವೆಂಡೆಲ್ ಬಂದರು. ತಲೆ ತಗ್ಗಿಸಿಕೊಂಡು, ಬೇಗ ಬೇಗ ನಡೆದು, ಸ್ಟ್ರಾಂಡ್ ಮೂಲೆಯಲ್ಲಿ ನಿಂತರು. ಜಿಮ್ ಎದ್ದು ಕುಣಿಯಿತು. ಡೇಲ್ ಹೋಗಿ ವೆಂಡೆಲ್ ಕೈ ಹಿಡಿದು ಕುಲುಕಿದರು. ವೆಂಡೆಲ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಹಾಕಿಕೊಂಡರು. ಮತ್ತೆ ತೆಗೆದರು, ಮತ್ತೆ ಒರೆಸಿದರು.

"ಹಳೇ ಗೆಳೆಯನ ಕೈ ಬಿಡೋದು ಅಂದ್ರೆ ಸುಮ್ನೇನಾ? ಪಾಪ," ನನ್ನ ಪಕ್ಕದಲ್ಲಿ ಯಾರೋ ಅಂದರು.

ನನಗೆ ಹೊಟ್ಟೆಕಿಚ್ಚಾಯಿತು. ಕೆಲವರಿಗೆ ಅಳು ಎಷ್ಟು ಸುಲಭ.

ಲೆಕ್ಕ ಬರೆದೆ. ಆಮೇಲೆ ಅತ್ತೆಯನ್ನು ಹುಡುಕಲು ಹೋದೆ. ಅಡುಗೆಮನೆ ಖಾಲಿ ಇತ್ತು.

*

ಶಾಲೆಯ ನರ್ಸು ಕೋಣೆಯಲ್ಲಿ ಒಂದು ಹಾಸಿಗೆ ಇತ್ತು, ಒಂದು ಕಿಟಕಿ. ಅತ್ತೆಯನ್ನು ಅಲ್ಲಿ ಮಲಗಿಸಿದೆವು. ಊರಿನವರ ಕೋಟುಗಳೆಲ್ಲ ಅವರ ಮೇಲೆ ರಾಶಿಬಿದ್ದಿದ್ದವು. ಮುಖ ಮಾತ್ರ ಹೊರಗೆ. ಉಸಿರು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗಿತ್ತು. ನಾನು ಆ ಉಸಿರನ್ನೇ ನೋಡುತ್ತ ಕೂತೆ.

ಡೆಪ್ಯುಟಿ ಟಾಡೆನ್ ಬಂದರು. ಕೌಂಟಿಯ, ಅಂದರೆ ಜಿಲ್ಲೆಯ ಪೊಲೀಸು, ಐವತ್ತರ ಹೆಂಗಸು. ಶಾಲೆಯ ಮುಂದೆ ಕಾರುಗಳನ್ನು ಸಾಲಾಗಿ ನಿಲ್ಲಿಸಲು ಬಂದವರು ಹಿಮದಲ್ಲಿ ನಮ್ಮ ಜೊತೆಗೇ ಸಿಕ್ಕಿಕೊಂಡಿದ್ದರು. ಅಷ್ಟು ಹೊತ್ತಿಗೆ ಹಿಂಬಾಗಿಲು, ಕಾರಿಡಾರು ಎಲ್ಲ ನೋಡಿ ಮುಗಿಸಿದ್ದರು.

"ಆಂಬ್ಯುಲೆನ್ಸ್?" ಅಂದೆ.

"ಹೆದ್ದಾರಿ ಮುಚ್ಚಿದೆ. ಹಿಮ ಬಳಿಯೋ ಲಾರಿ ಮುಂದೆ ಬರ್ಬೇಕು, ಅದರ ಹಿಂದೆ ಆಂಬ್ಯುಲೆನ್ಸ್. ತಡ ಆಗುತ್ತೆ. ಯಾರೂ ಒಳಗೆ ಬರೋಹಾಗಿಲ್ಲ. ಯಾರೂ ಹೊರಗೆ ಹೋಗೋಹಾಗಿಲ್ಲ."

"ಜಾರಿ ಬಿದ್ದಿರ್ಬೇಕು ಅಂತ ಎಲ್ರೂ ಅಂತಿದ್ದಾರೆ," ಮರಿಸೋಲ್ ಅಂದಳು. "ಸೊಂಟದ ಮೂಳೆ ಮುರಿದಿದೆ."

"ಬಿದ್ದಿದ್ದು ಮೆಟ್ಟಿಲ ಕೆಳಗೆ. ಅಲ್ಲಿಂದ ತೆವಳ್ಕೊಂಡು ಬಾಗಿಲವರೆಗೂ ಬಂದಿದ್ದಾರೆ. ಗುರುತಿನ ಮೇಲೆ ಹೊಸ ಹಿಮ ಬಿದ್ದಿದೆ, ಆದ್ರೂ ಕಾಣುತ್ತೆ. ಬಂದು ಬಾಗಿಲು ಬಡಿದಿದ್ದಾರೆ."

ಗೆಣ್ಣುಗಳ ಮೇಲಿನ ರಕ್ತ ನೆನಪಾಯಿತು. ಅವರು ಬಡಿಯುತ್ತಿದ್ದಾಗ ನಾವು ಎಣಿಸುತ್ತಿದ್ದೆವು.

ಡೆಪ್ಯುಟಿ ಜೇಬಿನಿಂದ ಒಂದು ಮರದ ತುಂಡು ತೆಗೆದು ಮೇಜಿನ ಮೇಲಿಟ್ಟರು.

"ಇದೇನು ಗೊತ್ತಾ?"

ಗೊತ್ತಿತ್ತು. ಆ ಬಾಗಿಲು ಮುಚ್ಚಿದರೆ ತಾನಾಗಿ ಬೀಗ ಬೀಳುತ್ತದೆ, ಹೊರಗಿನಿಂದ ತೆರೆಯುವುದಿಲ್ಲ. ಸಿಗರೇಟಿಗೆ ಹೋಗುವವರು ಈ ತುಂಡನ್ನು ಸಂದಿಗೆ ಸಿಕ್ಕಿಸಿ ಹೋಗುತ್ತಾರೆ.

"ಇದು ಸಿಕ್ಕಿದ್ದು ಒಳಗೆ, ಹೀಟರ್ ಕೆಳಗೆ, ಬಾಗಿಲಿಂದ ದೂರ. ಹೊರಗಿದ್ದವರು ಅಷ್ಟು ಒಳಗೆ ಹೇಗೆ ಒದೀತಾರೆ? ಯಾರೋ ಇವರ ಜೊತೆ ಹೊರಗೆ ಹೋಗಿದ್ದಾರೆ. ತಳ್ಳಿದ್ದಾರೆ. ಒಳಗೆ ಬಂದು ತುಂಡನ್ನ ಒದ್ದು ಬಾಗಿಲು ಮುಚ್ಚಿದ್ದಾರೆ. ಉಳಿದ ಕೆಲಸ ಚಳಿ ಮಾಡುತ್ತೆ ಅಂತ."

ಜಿಮ್‌ನಿಂದ ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು ಕೇಳಿಸುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದುಗಳು. ಈಗ ಒಂದೊಂದಕ್ಕೂ ಬೆಚ್ಚಿದೆ.

"ಅಂದ್ರೆ ಅವರು ಒಳಗೇ ಇದ್ದಾರೆ," ಅಂದೆ.

"ಕಾಫಿ ಕುಡೀತಾ." ಡೆಪ್ಯುಟಿ ದನಿ ತಗ್ಗಿಸಿದರು. "ಇವರಿಗೆ ಎಚ್ಚರ ಆದ್ರೆ ಹೆಸರು ಹೇಳ್ತಾರೆ. ಅದು ಮಾಡಿದವರಿಗೂ ಗೊತ್ತು. ಒಂಟಿಯಾಗಿ ಬಿಡ್ಬೇಡಿ. ಯಾರನ್ನೂ ನಂಬ್ಬೇಡಿ."

"ಯಾರನ್ನೂ ಅಂದ್ರೆ?"

"ನನ್ನನ್ನೂ ಸೇರಿಸ್ಕೊಳ್ಳಿ."

*

ಅವರು ಹೋದ ಮೇಲೆ ಬಾಗಿಲ ಚಿಲಕ ಹುಡುಕಿದೆ. ಇರಲಿಲ್ಲ. ಶಾಲೆಯ ಕೋಣೆಗಳಿಗೆ ಒಳಗಿನಿಂದ ಚಿಲಕ ಇರುವುದಿಲ್ಲ. ಕುರ್ಚಿಯನ್ನು ಬಾಗಿಲಿಗೆ ಒತ್ತಿ ಇಟ್ಟು ಅದರ ಮೇಲೆ ಕೂತೆ.

ಹೆಜ್ಜೆಗಳು ಬಂದವು. ಬಾಗಿಲ ಹೊರಗೆ ನಿಂತವು. ಹೋದವು. ಮತ್ತೆ ಬಂದವು.

"ಯಾರು?" ಮರಿಸೋಲ್ ಕೇಳಿದಳು.

ಹೆಜ್ಜೆಗಳು ದೂರವಾದವು.

ಆ ಜಿಮ್‌ನಲ್ಲಿ ಇದ್ದವರೆಲ್ಲ ನನಗೆ ಗೊತ್ತು. ನನಗೆ ಓದು ಕಲಿಸಿದವರು, ನೀಲ್ಸ್ ಹೆಣ ಹೊತ್ತವರು, ಆಮೇಲೆ ತಿಂಗಳುಗಟ್ಟಲೆ ಮನೆ ಬಾಗಿಲಿಗೆ ಅಡುಗೆ ತಂದಿಟ್ಟವರು. ಒಬ್ಬೊಬ್ಬರ ಮುಖ ನೆನಪು ಮಾಡಿಕೊಂಡೆ. ಪ್ರತಿ ಮುಖವೂ ಬಾಗಿಲ ಆಚೆ ನಿಂತ ಹಾಗೆ ಕಂಡಿತು.

ಆಮೇಲೆ ಕಾರಿಡಾರಿನಲ್ಲಿ ಗದ್ದಲ. ಡೇಲ್ ದನಿ. ಬಾಗಿಲನ್ನು ಸ್ವಲ್ಪವೇ ತೆರೆದು ನೋಡಿದೆ. ಡೆಪ್ಯುಟಿ ಬಂದು ಡೇಲ್ ತೋಳು ಹಿಡಿದಿದ್ದರು.

"ಬೂಟು ತುಂಬ ನೀರು. ಎಲ್ಲಿಗೆ ಹೋಗಿದ್ರಿ?"

"ಸಿಗರೇಟಿಗೆ! ತುಂಡು ಸಿಕ್ಕಿಸಿದ್ದು ನಾನೇ. ಸೇದಿ ಬಂದೆ. ತುಂಡನ್ನ ಹಾಗೇ ಬಿಟ್ಟೆ, ಬೇರೆಯೋರು ಹೋಗ್ಲಿ ಅಂತ."

"ಆರ್ಡಿತ್ ಜೊತೆ ಜಗಳ ಆಡಿದ್ರಂತೆ."

"ನಲವತ್ತು ವರ್ಷದಿಂದ ಆಡ್ತಿದ್ದೀನಿ! ಕೊಲ್ಲೋದಾಗಿದ್ರೆ ಇಷ್ಟು ದಿನ ಕಾಯ್ತಿದ್ನಾ? ಅವಳಿಲ್ದಿದ್ರೆ ನಾನು ಇನ್ಯಾರ ಜೊತೆ ಜಗಳ ಆಡ್ಲಿ ಹೇಳಿ?"

ಕೊನೆಯ ಮಾತಿಗೆ ಅವರ ದನಿ ಒಡೆಯಿತು. ಡೆಪ್ಯುಟಿ ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಡೇಲ್‌ರನ್ನು ಗ್ರಂಥಾಲಯದಲ್ಲಿ ಕೂರಿಸಿ ಬಾಗಿಲು ಹಾಕಿದರು.

ಕ್ಷಣದಲ್ಲಿ ಸುದ್ದಿ ಹರಡಿತು. ಡೇಲ್ ಅಂತೆ. ಡೇಲ್‌ನ ಹಿಡಿದರಂತೆ. ಕಾರಿಡಾರಿನಲ್ಲಿ ಯಾರೋ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನೂ ಬಿಟ್ಟೆ. ನಂಬಿದೆ ಎಂದಲ್ಲ. ಹೆದರಿಕೆಗೂ ಒಂದು ಹೆಸರು ಸಿಕ್ಕಿದರೆ ಸ್ವಲ್ಪ ಹಗುರ.

ಮರಿಸೋಲ್ ಬಿಸಿನೀರಿನ ಬಾಟಲಿ ತುಂಬಲು ಅಡುಗೆಮನೆಗೆ ಹೋದಳು. ಅವಳು ಹೋದ ಮೇಲೆ ವೆಂಡೆಲ್ ಬಂದರು, ಕೈಯಲ್ಲಿ ಕಾಫಿ.

"ಕುಡಿ ಮಗೂ. ಮುಖ ನೋಡು, ಹೇಗಾಗಿದೆ." ಹಾಸಿಗೆಯ ಹತ್ತಿರ ಹೋಗಿ ಅತ್ತೆಯನ್ನು ನೋಡಿದರು. "ಏನಾದ್ರೂ ಮಾತಾಡಿದ್ರಾ?"

"ಇಲ್ಲ."

"ಒಂದು ಮಾತೂ ಇಲ್ವಾ?"

"ಇಲ್ಲ."

ಅವರು ತಲೆಯಾಡಿಸಿದರು. "ಡೆಪ್ಯುಟಿ ನಿನ್ನ ಕರೀತಿದ್ದಾರೆ. ಡೇಲ್ ಏನೋ ಒಪ್ಕೊಂಡ್ನಂತೆ. ಹಿಂಬಾಗಿಲ ಹತ್ರ ಇದ್ದಾರೆ. ಹೋಗಿ ಬಾ, ನಾನು ನೋಡ್ಕೋತೀನಿ."

ಯಾರನ್ನೂ ನಂಬಬೇಡಿ ಎಂದು ಡೆಪ್ಯುಟಿ ಅಂದಿದ್ದರು. ಆದರೆ ಕರೆದವರೂ ಅವರೇ. ಎದ್ದೆ. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದೆ. ವೆಂಡೆಲ್ ಕುರ್ಚಿಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು, ಚರ್ಚಿನಲ್ಲಿ ಕೂತ ಹಾಗೆ.

*

ನಾನು ಹತ್ತಿರ ಹೋಗುವಷ್ಟರಲ್ಲಿ ಹಿಂಬಾಗಿಲು ಧಡಾರನೆ ತೆರೆಯಿತು. ಡೆಪ್ಯುಟಿ ಹೊರಗಿನಿಂದ ಬಂದರು, ಟಾರ್ಚು ಹಿಡಿದು. ಸಂದಿಗೆ ಸಿಕ್ಕಿಸಿ ಹೋಗಿದ್ದ ಪುಸ್ತಕವನ್ನು ಕಾಲಿನಿಂದ ಸರಿಸಿದರು. ನಾಲ್ಕು ಹೆಜ್ಜೆ ಬಂದು ಕುರುಡರ ಹಾಗೆ ನಿಂತುಬಿಟ್ಟರು. ಕನ್ನಡಕ ತೆಗೆದು ಮಫ್ಲರ್ ತುದಿಯಿಂದ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

ನಾನು ಆ ಕೈಯನ್ನೇ ನೋಡಿದೆ. ಇದನ್ನು ಎಲ್ಲೋ ನೋಡಿದ್ದೇನೆ. ಇವತ್ತೇ.

"ನೀವು ಅಳ್ತಿದ್ದೀರಾ?" ಬಾಯಿಂದ ಬಂದೇ ಬಿಟ್ಟಿತು.

"ಅಳೋಕೆ ಪುರುಸೊತ್ತೆಲ್ಲಿದೆ ತಾಯಿ? ಇಂಥ ಚಳಿಯಿಂದ ಒಳಗೆ ಬಂದ್ರೆ ಗಾಜಿಗೆ ಮಂಜು ಹಿಡಿಯುತ್ತೆ. ಎಷ್ಟು ಒರೆಸಿದ್ರೂ ಮತ್ತೆ ಹಿಡಿಯುತ್ತೆ. ನೀವ್ಯಾಕೆ ಇಲ್ಲಿ? ಅವರ ಹತ್ರ ಯಾರಿದ್ದಾರೆ?"

"ನೀವು ಕರೆದ್ರಿ ಅಂತ..."

"ನಾನೆಲ್ಲಿ ಕರೆದೆ?"

ನರ್ಸು ಕೋಣೆಯ ಕಡೆ ಓಡಿದೆ. ಆ ಕಾರಿಡಾರು ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಬಾಗಿಲ ಕೆಳಗಿನಿಂದ ಗಾಳಿ ಬರುತ್ತಿತ್ತು. ಕಾಲಿಗೆ ತಣ್ಣಗೆ ತಗುಲಿತು. ಬಾಗಿಲು ತಳ್ಳಿದೆ, ಕುರ್ಚಿ ಅಡ್ಡವಿತ್ತು. ಡೆಪ್ಯುಟಿ ಭುಜದಿಂದ ಗುದ್ದಿದರು.

ಕಿಟಕಿ ಹಾರುಹೊಡೆದಿತ್ತು. ಹಿಮ ಕೋಣೆಯೊಳಗೆ ಸುರಿಯುತ್ತಿತ್ತು. ಅತ್ತೆಯ ಮೇಲಿದ್ದ ಕೋಟುಗಳು ಒಂದೂ ಇರಲಿಲ್ಲ. ನೆಲದ ಮೇಲೆ, ಒಂದರ ಮೇಲೊಂದು, ಅಚ್ಚುಕಟ್ಟಾಗಿ ಮಡಿಸಿ ಇಟ್ಟಿದ್ದವು. ಅತ್ತೆಯ ರೆಪ್ಪೆಗಳ ಮೇಲೆ ಹಿಮದ ಪುಡಿ ಕೂತಿತ್ತು.

ವೆಂಡೆಲ್ ಕಿಟಕಿಯ ಪಕ್ಕದಲ್ಲಿ ನಿಂತಿದ್ದ.

"ಸೆಕೆ ಆಗ್ತಿತ್ತು ಅವಳಿಗೆ," ಅಂದ. "ಸ್ವಲ್ಪ ಗಾಳಿ ಬೇಕಿತ್ತು."

*

ಕಿಟಕಿ ಮುಚ್ಚಿ ಅತ್ತೆಯ ಮೇಲೆ ಬಿದ್ದುಕೊಂಡೆ. ನನ್ನ ಮೈಯ ಬಿಸಿ ಬಿಟ್ಟರೆ ಕೊಡಲು ನನ್ನ ಬಳಿ ಬೇರೇನೂ ಇರಲಿಲ್ಲ. ಮರಿಸೋಲ್ ಓಡಿ ಬಂದು ನಮ್ಮಿಬ್ಬರ ಮೇಲೆ ಕೋಟುಗಳನ್ನು ಹೊದಿಸಿದಳು. ಸ್ವೆಟರಿನ ಒಳಗೆ ಎಲ್ಲೋ ಆಳದಲ್ಲಿ ಒಂದು ಬಡಿತ ಕೇಳಿಸಿತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಉಸಿರು ಹಿಡಿದು ಮುಂದಿನದಕ್ಕೆ ಕಾದೆ. ಬಂತು.

ಡೆಪ್ಯುಟಿ ವೆಂಡೆಲ್‌ಗೆ ಕೋಳ ಹಾಕಿ ಕುರ್ಚಿಯಲ್ಲಿ ಕೂರಿಸಿದರು. ಜಿಮ್‌ನಲ್ಲಿ ಕಂಡದ್ದನ್ನು ನಾನು ಮಲಗಿದ್ದಲ್ಲಿಂದಲೇ ಅವರಿಗೆ ಹೇಳಿದೆ. ಬಾಗಿಲ ಹತ್ತಿರ ಜನ ಸೇರಿದರು. ಡೇಲ್‌ರನ್ನು ಯಾರೋ ಬಿಡಿಸಿ ಕರೆತಂದಿದ್ದರು.

"ತಲೆ ಕೆಟ್ಟಿದೆಯಾ?" ವೆಂಡೆಲ್ ಅಂದ. "ನಾನು ಜಿಮ್ ಬಿಟ್ಟು ಆಚೆ ಹೋಗೇ ಇಲ್ಲ. ಇಡೀ ಊರು ನನ್ನ ನೋಡಿದೆ. ಸ್ಟ್ರಾಂಡ್ ಮೂಲೆ ಉಳಿಸಿದ್ದು ಯಾರು? ಕೇಳಿ ಇವರನ್ನ!"

"ಅದೇ ನಿಮಗೆ ಮುಳುವಾಯ್ತು," ಡೆಪ್ಯುಟಿ ಅಂದರು. "ಬ್ರಿಟಾ, ಇವರು ಬಂದು ನಿಂತಾಗ ಏನು ಮಾಡಿದ್ರು? ಹೇಳಿ."

"ಕನ್ನಡಕ ಒರೆಸಿಕೊಂಡ್ರು. ಎರಡು ಸಲ."

"ಅಳ್ತಿದ್ದೆ ನಾನು!" ವೆಂಡೆಲ್ ಅಂದ. "ಕಾಲ್ಬಿಗೋಸ್ಕರ ಅಳ್ತಿದ್ದೆ!"

"ಅತ್ತವರು ಕಣ್ಣು ಒರೆಸ್ಕೋತಾರೆ," ಅಂದೆ. ನನ್ನ ದನಿ ನನಗೇ ಬೇರೆಯವರದರ ಹಾಗೆ ಕೇಳಿಸಿತು. "ನೀವು ಕಣ್ಣು ಮುಟ್ಟಲೇ ಇಲ್ಲ. ಬರೀ ಗಾಜು ಒರೆಸಿದ್ರಿ. ಹಾಕ್ಕೊಂಡ್ರಿ. ಮತ್ತೆ ಮಂಜು ಹಿಡೀತು. ಮತ್ತೆ ಒರೆಸಿದ್ರಿ."

"ಒಂದು ಗಂಟೆಗೂ ಮೇಲೆ ಬಿಸಿ ಜಿಮ್‌ನಲ್ಲಿದ್ದವರ ಕನ್ನಡಕಕ್ಕೆ ಮಂಜು ಎಲ್ಲಿಂದ ಬರುತ್ತೆ?" ಡೆಪ್ಯುಟಿ ಅಂದರು. "ಅದು ಆಗೋದು ಆಗಷ್ಟೇ ಹೊರಗಿಂದ ಬಂದವರಿಗೆ."

ಜನರ ನಡುವಿನಿಂದ ಡೇಲ್ ಮುಂದೆ ಬಂದರು. ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು.

"ನಾನು ಇವನ ಕೈ ಕುಲುಕಿದೆ," ಅಂದರು ಮೆಲ್ಲಗೆ. "ಮಂಜುಗಡ್ಡೆ ಹಿಡಿದ ಹಾಗಿತ್ತು. ದುಃಖಕ್ಕೆ ಕೈ ತಣ್ಣಗಾಗಿದೆ ಅಂದ್ಕೊಂಡೆ. ಪಾಪ ಅಂದ್ಕೊಂಡೆ ಕಣೋ ವೆಂಡೆಲ್, ನಿನ್ನ!"

"ಕಾರಿಡಾರಿನಲ್ಲೇ ಎರಡು ನಿಮಿಷ ನಿಂತಿದ್ರೆ ಗಾಜು ತಿಳಿಯಾಗ್ತಿತ್ತು," ಡೆಪ್ಯುಟಿ ಅಂದರು. "ಯಾಕೆ ನಿಲ್ಲಲಿಲ್ಲ?"

ಉತ್ತರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬರು ಕಡಿಮೆ ಎಂದು ಡೇಲ್ ಕೂಗಿದ್ದರು. ವೆಂಡೆಲ್ ಮೀಸೆ ಬರುವ ಮೊದಲೇ ಕಾಕಸ್‌ಗೆ ಬಂದವನು. ಒಂದು ಮೂಲೆ ಒಬ್ಬರಿಗಾಗಿ ಮುರಿಯುವಾಗ ನಮ್ಮ ಊರಿನಲ್ಲಿ ಯಾರೂ ಕಾರಿಡಾರಿನಲ್ಲಿ ನಿಲ್ಲುವುದಿಲ್ಲ. ತಲೆ ಯೋಚಿಸುವ ಮೊದಲೇ ಅವನ ಕಾಲು ನಡೆದಿತ್ತು.

"ಆದ್ರೆ ಯಾಕೆ?" ಮರಿಸೋಲ್ ಕೇಳಿದಳು. "ಆರ್ಡಿತ್ ಇವರಿಗೆ ಏನು ಮಾಡಿದ್ರು?"

ಆಗ ನನ್ನ ಕೆಳಗೆ ಅತ್ತೆ ಅಲುಗಾಡಿದರು.

"ಫ್ಯಾನು," ಅಂದರು.

ಅತ್ತೆಯ ಕಣ್ಣು ಅರ್ಧ ತೆರೆದಿತ್ತು. ಒಂದೊಂದೇ ಮಾತಾಗಿ ಹೇಳಿದರು.

"ಎಫ್ರೈನ್ ಫೋನ್ ಮಾಡಿದ್ದ... ಟೆಕ್ಸಾಸ್‌ನಿಂದ. ನೀಲ್ಸ್ ಜೊತೆ ಕೆಲಸಕ್ಕಿದ್ದನಲ್ಲ. ಗುಂಡಿಯ ವಿಷಗಾಳಿ ಹೊರಹಾಕೋ ಫ್ಯಾನಿಗೆ ಹೊಸ ಮೋಟರು ಕೂರಿಸಿದ್ದು ಅವನೇ ಅಂತೆ... ನೀಲ್ಸ್ ಸತ್ತ ದಿನ ಸಂಜೆ. ಸತ್ತ ಮೇಲೆ." ಕಣ್ಣು ವೆಂಡೆಲ್ ಕಡೆ ಹೊರಳಿತು. "ಎಲ್ಲರ ಮುಂದೆ ಹೇಳೋಕೆ ಮುಂಚೆ ನಿನಗೆ ಹೇಳ್ಬೇಕು ಅನ್ನಿಸ್ತು ವೆಂಡೆಲ್. ಹೊರಗೆ ಬಾ, ಮಾತಾಡೋಣ ಅಂದೆ ನೀನು. ಕೋಟು ಬೇಡ, ಒಂದೇ ನಿಮಿಷ ಅಂದೆ."

ಸತ್ತದ್ದು ಅಪಘಾತ ಎಂದು ಸರ್ಕಾರದವರು ಬರೆದಿದ್ದರು. ಫ್ಯಾನು ಸರಿಯಾಗಿ ತಿರುಗುತ್ತಿತ್ತು, ನೀಲ್ಸ್ ಅಜಾಗರೂಕ ಎಂದು ಬರೆದಿದ್ದರು.

ವೆಂಡೆಲ್ ನನ್ನ ಕಡೆ ನೋಡಲಿಲ್ಲ. ಮಡಿಸಿದ ಕೋಟುಗಳು ಇದ್ದ ನೆಲವನ್ನು ನೋಡುತ್ತ ಹೇಳಿದ:

"ಮೋಟರು ಕೆಟ್ಟಿತ್ತು. ಮುಂದಿನ ವಾರ ಮಾಡಿಸೋಣ ಅಂತಿದ್ದೆ. ನೀಲ್ಸ್ ಇಳಿಯೋಕೆ ಮುಂಚೆ ಕೇಳಿದ, ಫ್ಯಾನ್ ನಡೀತಿದೆಯಾ ಅಂತ. ಗುಂಡೀಲಿ ಗೊಬ್ಬರದ ಕೊಳವೆ ಕಟ್ಕೊಂಡಿತ್ತು, ಬೇಗ ಆಗ್ಬೇಕಿತ್ತು. ನಡೀತಿದೆ ಅಂದೆ."

ಇಷ್ಟೇ. ಎರಡು ಚಳಿಗಾಲ ನಾನು ನೀಲ್ಸ್ ಮೇಲೆ ಸಿಟ್ಟಾಗಿದ್ದೆ. ಯಾಕೆ ನೋಡಿಕೊಳ್ಳಲಿಲ್ಲ, ಯಾಕೆ ಕೇಳಲಿಲ್ಲ ಎಂದು. ಅವನು ಕೇಳಿದ್ದ.

ಅತ್ತೆಯ ಮೇಲಿಂದ ನಾನು ಏಳಲಿಲ್ಲ. ಎದ್ದರೆ ಏನು ಮಾಡುತ್ತೇನೋ ಎಂದು ಹೆದರಿಕೆಯಾಯಿತು.

*

ಡೆಪ್ಯುಟಿ ಅವನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದರು. ಗಾಳಿ ಸ್ವಲ್ಪ ಇಳಿದಿತ್ತು. ದೂರದ ಹೆದ್ದಾರಿಯಲ್ಲಿ ಹಿಮ ಬಳಿಯುವ ಲಾರಿಯ ಹಳದಿ ದೀಪ ಮಿನುಗುವುದು ಕಿಟಕಿಯಿಂದ ಕಂಡಿತು.

"ಬ್ರಿಟಾ," ಅತ್ತೆ ಅಂದರು. "ಜನ ಇದ್ದಾರಾ?"

"ಎಲ್ಲ ಇದ್ದಾರೆ. ಹೊರಗೆ ಹೋಗೋಕೆ ದಾರಿ ಇಲ್ಲ."

ಅವರ ತುಟಿ ಅಲುಗಿತು. ನಗು ಅನ್ನಬಹುದು. "ಇಷ್ಟು ವರ್ಷದಲ್ಲಿ ಗೊತ್ತುವಳಿಗೆ ಅಂತ ಇಷ್ಟು ಜನ ಯಾವತ್ತೂ ಕೂತಿರ್ಲಿಲ್ಲ. ಹೋಗು. ಆಂಬ್ಯುಲೆನ್ಸ್ ಬರೋದ್ರೊಳಗೆ ಮುಗಿಸ್ಕೊಂಡು ಬಾ."

"ನನ್ನ ಕೈಲಾಗಲ್ಲ."

"ಮರಿಸೋಲ್ ಇದ್ದಾಳೆ ಇಲ್ಲಿ. ಏನು ಕೇಳ್ಬೇಕು ಅಂತ ಈಗ ನಿನಗೂ ಗೊತ್ತು. ಹೋಗು."

ಜಿಮ್‌ನ ನಡುವೆ ಹೋಗಿ ನಿಂತೆ. ಮೈಕು ಹಿಡಿದೆ, ಬೇಡವೆನಿಸಿ ಕೆಳಗಿಟ್ಟೆ.

"ಗುಂಡಿಯ ಫ್ಯಾನು ತಿರುಗುತ್ತಿದೆ ಅಂತ ಇಳಿಯುವವನು ತನ್ನ ಕಣ್ಣಿಂದ ನೋಡೋತನಕ ಯಾರನ್ನೂ ಇಳಿಸಬಾರದು," ಅಂದೆ. "ಗಾಳಿ ಕೆಟ್ಟರೆ ಕೂಗುವ ಯಂತ್ರ ಪ್ರತಿ ಶೆಡ್ಡಿನಲ್ಲೂ ಇರಬೇಕು. ಯಜಮಾನನ ಬಾಯಿಮಾತು ಸಾಲದು. ಇದು ಕಾನೂನಾಗಬೇಕು ಅಂತ ಪಕ್ಷಕ್ಕೆ ಹೇಳೋಣ. ಆರ್ಡಿತ್ ಪರವಾಗಿ ಮಂಡಿಸ್ತಿದ್ದೀನಿ. ನೀಲ್ಸ್ ಹೆಸರಿನಲ್ಲಿ. ಒಪ್ಪುವವರು ಆ ಕಡೆ ಹೋಗಿ ನಿಲ್ಲಿ. ಒಪ್ಪದವರು ಈ ಕಡೆ."

ಗೊತ್ತುವಳಿಗೆ ಕೈ ಎತ್ತಿದರೆ ಸಾಕು. ನಿಲ್ಲಬೇಕಾಗಿಲ್ಲ. ಅದು ನನಗೆ ಗೊತ್ತಿತ್ತು. ಯಾರು ಎಲ್ಲಿ ನಿಲ್ಲುತ್ತಾರೆ ಎಂದು ನೋಡಬೇಕಿತ್ತು.

ಮೊದಲು ಡೇಲ್ ಎದ್ದರು. ಒದ್ದೆ ಬೂಟು ಸದ್ದು ಮಾಡುತ್ತ ನಡೆದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಆಮೇಲೆ ಮೆರಿಕ್ ಕಡೆಯವರು ಎದ್ದರು, ಸ್ಟ್ರಾಂಡ್ ಕಡೆಯವರು, ಕಾಲ್ಬಿ ಮೂಲೆಯಲ್ಲಿ ಉಳಿದಿದ್ದವರು. ಹಂದಿ ಶೆಡ್ಡು ಇಟ್ಟುಕೊಂಡವರು ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಅವರೂ ಎದ್ದರು. ಕುರ್ಚಿಗಳು ಸದ್ದು ಮಾಡಿದವು. ಈ ಸಲ ಆ ಸದ್ದಿಗೆ ನಾನು ಬೆಚ್ಚಲಿಲ್ಲ.

ಈ ಕಡೆಯ ನೆಲ ಪೂರ್ತಿ ಖಾಲಿಯಾಯಿತು. ಎಣಿಸಿದೆ. ಬರೆದುಕೊಂಡೆ.

"ತಪ್ಪು ಲೆಕ್ಕ," ಡೇಲ್ ಅಲ್ಲಿಂದ ಕೂಗಿದರು. "ಒಬ್ರು ಕಡಿಮೆ."

"ಯಾರು?"

"ನೀನು ಕಣಮ್ಮ."

ನಡೆದೆ. ಜಿಮ್‌ನ ನಡುವೆ ಬಂದಾಗ ಎಲ್ಲರ ಮುಖ ಮಂಜಾಯಿತು. ಒರೆಸಿಕೊಂಡೆ. ಮತ್ತೆ ಮಂಜಾಯಿತು.

ನಾನು ಕನ್ನಡಕ ಹಾಕುವುದಿಲ್ಲ.